ಅಣ್ಣ ಜೈಲಲ್ಲವ್ನೆ

ಹನ್ನೊಂದು ವರ್ಷದ ಹಿಂದಿನ ಮಾತು. ನಮ್ಮ ದೊಡ್ಡಪ್ಪನ ಮಗನಿಗೆ ಹೆಣ್ಣು ಕೊಡೋ ಮಾತಿಗೆ ಕೊರಟಗೆರೆ ಕಡೆಯಿಂದ ನಾಲ್ಕು ಜನ ಬಂದಿದ್ದರು. ಕಾಫಿ ಆಯ್ತು, ಮಳೆ ಬೆಳೆ ಮಾತಾಯ್ತು. ಹುಡುಗಿಯ ಸೋದರಮಾವ ಮೆಲ್ಲಗೆ ಕೇಳಿದರು, "ಹುಡುಗ ಈಗ ಎಲ್ಲವ್ನೆ?"

ದೊಡ್ಡಮ್ಮ ತಟ್ಟನೆ, "ಜೈಲಲ್ಲವ್ನೆ" ಅಂದುಬಿಟ್ಟಳು.

ಬಂದವರ ಕೈಲಿದ್ದ ಲೋಟ ಅಲ್ಲೇ ನಿಂತಿತು. ದೊಡ್ಡಪ್ಪ ಗಾಬರಿಯಾಗಿ, "ಕೆಲ್ಸ ಕಣ್ರಪ್ಪ, ಕೆಲ್ಸ! ಗೌರ್ಮೆಂಟ್ ಕೆಲ್ಸ. ಒಳಗಿರೋರ್ನ ಕಾಯೋನು" ಅಂತ ಹೇಳೋ ಹೊತ್ತಿಗೆ ಬಾಗಿಲ ಹಿಂದೆ ನಿಂತಿದ್ದ ನಾವೆಲ್ಲ ನಕ್ಕು ಸುಸ್ತು. ಮದುವೆ ಆಯ್ತು. ಅತ್ತಿಗೆ ಈಗಲೂ ಫೋನಲ್ಲಿ ಯಾರಾದರೂ ಗಂಡನ ವಿಚಾರ ಕೇಳಿದರೆ ಬೇಕಂತಲೇ "ಜೈಲಲ್ಲವ್ರೆ" ಅಂತಾರೆ.

ನಗೋ ಮಾತು ಅಷ್ಟೇ. ಹೋದ ವರ್ಷ ಗಣೇಶನ ಹಬ್ಬ ಕಳೆದ ಮೇಲೆ ನಡೆದ ಒಂದು ಸಂಗತಿಯಿಂದ ಅಣ್ಣನ ಕೆಲಸವನ್ನ ನಾನು ನೋಡೋ ರೀತಿಯೇ ಬದಲಾಯ್ತು. ಅದನ್ನ ಬರೀಲಾ ಅಂತ ಅಣ್ಣನ್ನ ಕೇಳಿದೆ. "ಬರಿ. ನನ್ನ ಹೆಸರು, ಜೈಲಿನ ಹೆಸರು ಹಾಕ್ಬೇಡ" ಅಂದ. ಹಾಕಿಲ್ಲ.

ಅಣ್ಣ ವಾರ್ಡರ್. ಇಲಾಖೆಯ ಕನ್ನಡದಲ್ಲಿ 'ವೀಕ್ಷಕ'. ಬೆಳಗ್ಗೆ ಬ್ಯಾರಕ್ ಬೀಗ ತೆಗೆದು ತಲೆ ಎಣಿಸೋದು, ಸಂಜೆ ಎಣಿಸಿ ಬೀಗ ಹಾಕೋದು, ನಡುವೆ ಊಟ, ಆಸ್ಪತ್ರೆ, ಸಂದರ್ಶನ, ಜಗಳ, ತಪಾಸಣೆ. ಎಣಿಕೆಯಲ್ಲಿ ಒಂದು ತಲೆ ತಪ್ಪಿದರೂ ಇಡೀ ಜೈಲು ನಿಲ್ಲುತ್ತೆ. ಮಧುಗಿರಿ ಕೋರ್ಟಿನ ಹತ್ತಿರ ಹೋದರೆ ವ್ಯಾನಿನಿಂದ ವಿಚಾರಣಾ ಕೈದಿಗಳನ್ನ ಇಳಿಸೋದನ್ನ ನೀವು ನೋಡಿರ್ತೀರಿ. ಅವರ ಪಕ್ಕದಲ್ಲಿ ಇರೋರು ಪೊಲೀಸರು, ಜೈಲಿನವರಲ್ಲ. ಕೋರ್ಟಿಗೆ ಕರಕೊಂಡು ಬರೋ ಬೆಂಗಾವಲು ಪೊಲೀಸರದು. ಅಂದರೆ ಜನರ ಕಣ್ಣಿಗೆ ವಾರ್ಡರ್ ಬೀಳೋದೇ ಇಲ್ಲ. ನಾವು ಪತ್ರಿಕೋದ್ಯಮ ಓದುವಾಗಲೂ ಅಷ್ಟೆ. ಪೊಲೀಸ್ ಠಾಣೆಗೆ ಕಳಿಸಿದರು, ಕೋರ್ಟಿಗೆ ಕಳಿಸಿದರು, ಜೈಲು ಅಂದಾಗ ಮಾತ್ರ ಕೈದಿಗಳ ಬಗ್ಗೆ ಪಾಠ ಆಯ್ತು. ಬೀಗದ ಕೈ ಹಿಡಿದವನ ಬಗ್ಗೆ ಯಾರೂ ಮಾತೇ ಎತ್ತಲಿಲ್ಲ.

ಅಣ್ಣ ಕೆಲಸ ಮಾಡೋ ಜೈಲು ನಮ್ಮೂರಿಂದ ರಾತ್ರಿ ಬಸ್ಸಿನ ದಾರಿ. ಅಲ್ಲಿ ಕ್ವಾರ್ಟರ್ಸ್ ಉಂಟು, ಎಲ್ಲರಿಗೂ ಆಗುವಷ್ಟಿಲ್ಲ. ಜ್ಯೇಷ್ಠತೆ ಪಟ್ಟಿಯಲ್ಲಿ ಸರದಿ ಬರೋವರೆಗೂ ಕಾಯಬೇಕು. ಹಾಗಾಗಿ ಅಣ್ಣ ಇಬ್ಬರು ಸಹೋದ್ಯೋಗಿಗಳ ಜೊತೆ ಒಂದು ರೂಮಲ್ಲಿ. ಮಗನ ಓದಿಗೆ ಅಂತ ಅತ್ತಿಗೆ ಶಿರಾ ಟೌನಿನಲ್ಲಿ ಬಾಡಿಗೆ ಮನೆ ಮಾಡಿದ್ದರು. ಎರಡು ಕಡೆ ಬಾಡಿಗೆ, ಎರಡು ಕಡೆ ಗ್ಯಾಸು, ತಿಂಗಳಿಗೆ ಎರಡು ಸಲ ಬಸ್ಸು.

ಆ ದಿನ ಮಧ್ಯಾಹ್ನ ಇಬ್ಬರು ಹುಡುಗರು ಬೈಕಲ್ಲಿ ಬಂದರಂತೆ. ಒಳ್ಳೆ ಬಟ್ಟೆ, ಮರ್ಯಾದೆ ಮಾತು. "ಅಕ್ಕಾ, ನಾವು ಅಣ್ಣನ ಕಡೆಯೋರು. ಈ ಕಡೆ ಬಂದಿದ್ವಿ, ನೋಡ್ಕೊಂಡು ಹೋಗಣ ಅಂತ." ಕೈಯಲ್ಲಿ ಒಂದು ಚೀಲ ಮೋಸಂಬಿ, ಸೇಬು. ಮಗುವಿಗೆ ಒಂದು ಕ್ರಿಕೆಟ್ ಬ್ಯಾಟು, ಹೊಸದು, ಪ್ಲಾಸ್ಟಿಕ್ ಕವರು ಕೂಡ ತೆಗೆದಿಲ್ಲ. ಅತ್ತಿಗೆ ಗಂಡನ ಜೊತೆ ಕೆಲಸ ಮಾಡೋರು ಅಂದುಕೊಂಡು ನೀರು ಕೊಟ್ಟು ಕೂರಿಸಿದರು. ಟೀ ಕುಡಿದರು. ಎದ್ದು ಹೋಗುವಾಗ ಒಬ್ಬ ಹೇಳಿದ, "ನಮ್ಮ ಹುಡುಗ ಒಬ್ಬ ಅಣ್ಣನ ಬ್ಯಾರಕ್ಕಲ್ಲವ್ನೆ ಅಕ್ಕ. ಅವ್ನಿಗೆ ಒಂಚೂರು ಅನುಕೂಲ ಮಾಡ್ಕೊಡಕ್ಕೆ ಹೇಳಿ. ದೊಡ್ಡದೇನಲ್ಲ."

ಇನ್ನೊಬ್ಬ ಚಪ್ಪಲಿ ಹಾಕ್ಕೊಳ್ತಾ ಕೇಳಿದ, "ಪಾಪು ವ್ಯಾನು ಎಂಟೂವರೆಗೆ ಬರ್ತೈತಲ್ವ?"

ಅತ್ತಿಗೆ ಬಾಗಿಲು ಹಾಕ್ಕೊಂಡು ನನಗೆ ಫೋನ್ ಮಾಡಿದರು. ಅಣ್ಣನಿಗೆ ಮಾಡಿದರೆ ಸಿಗಲ್ಲ, ಡ್ಯೂಟಿಯಲ್ಲಿ ಮೊಬೈಲ್ ಒಳಗೆ ಬಿಡಲ್ಲ. ನಾನು ಮಧುಗಿರಿಯಿಂದ ಬಸ್ ಹತ್ತಿ ಶಿರಾ ಮುಟ್ಟೋ ಹೊತ್ತಿಗೆ ಮಗು ಶಾಲೆಯಿಂದ ಬಂದು ಮನೆಯೊಳಗೇ ಬ್ಯಾಟು ಬೀಸ್ತಿತ್ತು. ಅತ್ತಿಗೆ ಅದನ್ನ ಕಿತ್ತುಕೊಂಡು ಅಟ್ಟದ ಮೇಲೆ ಎಸೆದರು. ಮಗು ಅಳ್ತಾ ಮಲಗಿತು. ಹಣ್ಣು ಅಲ್ಲೇ ಇತ್ತು, ಯಾರೂ ಮುಟ್ಟಲಿಲ್ಲ.

ರಾತ್ರಿ ಅಣ್ಣ ಫೋನ್ ಮಾಡಿದ. ಎಲ್ಲ ಕೇಳಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ ಮಾತು ನನಗೆ ಇನ್ನೂ ನೆನಪಿದೆ: "ಬರೆದು ಕೊಟ್ರೆ, ನಿನ್ನ ಮನೆಗೇ ಯಾಕೆ ಬಂದ್ರು ಅಂತ ಕೇಳ್ತಾರೆ. ಬರೆದು ಕೊಡ್ದೆ ಇದ್ರೆ, ನಾಳೆ ಏನಾದ್ರೂ ಸಿಕ್ಕಾಗ ಮುಚ್ಚಿಟ್ಟೆ ಅಂತಾರೆ."

ಬರೆದು ಕೊಟ್ಟ. ಮೇಲಿನವರು ಓದಿ ಮಡಚಿ ಇಟ್ಟುಕೊಂಡು, "ಹುಷಾರಾಗಿರಪ್ಪ" ಅಂದರಂತೆ. ಆ ಕೈದಿಯನ್ನ ಬೇರೆ ಬ್ಯಾರಕ್ಕಿಗೆ ಹಾಕಿದರು. ಅದನ್ನಾದರೂ ಮಾಡಿದರಲ್ಲ ಅಂತ ಅಣ್ಣನಿಗೆ ಸಮಾಧಾನ. ಆದರೆ ಮನೆಯ ವಿಳಾಸ ಗೊತ್ತಾಗಿಹೋಗಿತ್ತಲ್ಲ, ಅದನ್ನ ಯಾವ ಬ್ಯಾರಕ್ಕಿಗೆ ಹಾಕೋದು?

ನಾನಂತೂ ಅಲ್ಲಿವರೆಗೂ ಕ್ವಾರ್ಟರ್ಸ್ ಅಂದರೆ ಬಾಡಿಗೆ ಉಳಿಯುತ್ತೆ ಅನ್ನೋ ಅನುಕೂಲ ಅಂತಲೇ ತಿಳಿದಿದ್ದೆ. ಅದು ಜೈಲಿನ ಗೋಡೆಯದೇ ಇನ್ನೊಂದು ತುಂಡು ಅಂತ ಗೊತ್ತಿರಲಿಲ್ಲ. ಒಳಗಿನವನನ್ನ ಹೊರಗಿನವರಿಂದ ದೂರ ಇಡೋಕೆ ಗೋಡೆ ಕಟ್ಟಿದೀವಿ. ಆದರೆ ಬೀಗದ ಕೈ ಇರೋನ ಹೆಂಡತಿ ಮಕ್ಕಳನ್ನ ಎಲ್ಲೋ ಒಂದು ಬೀದಿಯ ಬಾಡಿಗೆ ಮನೆಯಲ್ಲಿ ಬಿಟ್ಟಿದೀವಿ. ಗೋಡೆ ಹತ್ತೋದಕ್ಕಿಂತ ಆ ಮನೆಯ ಬಾಗಿಲು ತಟ್ಟೋದು ಸುಲಭ.

ಇದನ್ನ ನನಗೆ ಸರಿಯಾಗಿ ಬಿಡಿಸಿ ಹೇಳಿದವರು ಪಾವಗಡ ಕಡೆಯ ಒಬ್ಬ ನಿವೃತ್ತ ಮುಖ್ಯ ವೀಕ್ಷಕರು. ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಮಾತಾಡೋ ಹಿರಿಯರು. 33 ವರ್ಷ ಸರ್ವೀಸು, ಆರು ಜೈಲು. ಅವರು ಸೇರಿದ ಹೊಸದರಲ್ಲಿ ಜೈಲಿನ ಗೋಡೆಗೆ ಅಂಟಿಕೊಂಡಂತೆ ಲೈನ್ ಮನೆಗಳಿದ್ದವಂತೆ. ಒಂದು ರೂಮು, ಒಂದು ಅಡಿಗೆಮನೆ, ಹೊರಗೆ ಸಾಲು ಕಕ್ಕಸು. "ಸೌಕರ್ಯ ಏನೂ ಇರ್ಲಿಲ್ಲಮ್ಮ. ಆದ್ರೆ ಸೈರನ್ ಹೊಡೆದ್ರೆ ತಟ್ಟೆ ಬಿಟ್ಟು ಎದ್ದು ಓಡ್ತಿದ್ವಿ, ಎರಡು ನಿಮಿಷಕ್ಕೆ ನಲವತ್ತು ಜನ ಗೇಟ್ ಹತ್ರ. ಈಗ ಸೈರನ್ ಹೊಡೆದ್ರೆ ಯಾರಿಗೆ ಕೇಳ್ಸುತ್ತೆ? ಬಾಡಿಗೆ ಮನೆ ಓನರಿಗಾ?" ಇನ್ನೊಂದು ಮಾತೂ ಹೇಳಿದರು. ಲೈನ್ ಮನೆಗೆ ಅಪರಿಚಿತ ಬಂದರೆ ಹತ್ತು ಮನೆಯವರು ಯಾರು ಏನು ಅಂತ ವಿಚಾರಿಸೋರು. ಹಣ್ಣಿನ ಚೀಲ ಹಿಡಿದು ಒಳಗೆ ಬರೋಕೆ ಯಾರಿಗೂ ಧೈರ್ಯ ಆಗ್ತಿರಲಿಲ್ಲ.

ಬಾಡಿಗೆ ಭತ್ಯೆ ಕೊಡ್ತಾರಲ್ಲ ಅಂತ ನೀವು ಕೇಳಬಹುದು. ಕೊಡ್ತಾರೆ. 7ನೇ ರಾಜ್ಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂದ ಮೇಲೆ ಮನೆ ಬಾಡಿಗೆ ಭತ್ಯೆ ಊರಿನ ದರ್ಜೆ ನೋಡಿ ಮೂಲ ವೇತನದ 20, 15 ಇಲ್ಲವೇ 7.5 ಪರ್ಸೆಂಟ್. ಲೆಕ್ಕಕ್ಕೆ ಮೂಲ ವೇತನ 40,000 ಅಂತ ಇಟ್ಟುಕೊಳ್ಳಿ. ಬೆಂಗಳೂರಲ್ಲಿದ್ದರೆ 8,000, ಮಧುಗಿರಿಯಂಥ ಊರಲ್ಲಿದ್ದರೆ 3,000. ಇದು ಕೆಲಸದ ಜಾಗದ ಲೆಕ್ಕ. ಹೆಂಡತಿ ಮಕ್ಕಳು ಇನ್ನೊಂದು ಊರಲ್ಲಿ ಇದ್ದರೆ ಆ ಬಾಡಿಗೆ ಕೈಯಿಂದಲೇ. ಸಂಬಳ ಮೊದಲಿಗಿಂತ ಚೆನ್ನಾಗಿದೆ, ಅದನ್ನ ಅಣ್ಣನೂ ಒಪ್ಪುತ್ತಾನೆ. ಕಡಲೆಕಾಯಿ ಕೈಕೊಟ್ಟ ವರ್ಷ ನಮ್ಮ ಇಡೀ ಮನೆ ನಡೆದದ್ದು ಆ ಸಂಬಳದಲ್ಲೇ. ಆದರೆ 3,000 ಆಗಲಿ 8,000 ಆಗಲಿ, ಅದು ಮನೆ ಕೊಡಿಸುತ್ತೆಯೇ ಹೊರತು ಆ ಇಬ್ಬರು ಹುಡುಗರನ್ನ ತಡೆಯೋದಿಲ್ಲ.

ಇದೇನೂ ಹೊಸ ತಿಳಿವಳಿಕೆಯಲ್ಲ. ಕೇಂದ್ರ ಸರ್ಕಾರ 1980ರಲ್ಲಿ ನ್ಯಾಯಮೂರ್ತಿ ಎ.ಎನ್. ಮುಲ್ಲಾ ಅವರ ಅಧ್ಯಕ್ಷತೆಯಲ್ಲಿ ಜೈಲು ಸುಧಾರಣೆಗೆ ಸಮಿತಿ ಮಾಡಿತ್ತು. 1983ರಲ್ಲಿ ವರದಿ ಬಂತು. ಕೈದಿಗಳ ಜೊತೆಗೆ ಸಿಬ್ಬಂದಿಯ ಸಂಬಳ, ವಸತಿ, ತರಬೇತಿ, ಬಡ್ತಿಯ ವಿಚಾರವೂ ಅದರಲ್ಲಿತ್ತು. ಐಎಎಸ್, ಐಪಿಎಸ್ ಇದ್ದ ಹಾಗೆ ಜೈಲಿಗೇ ಒಂದು ಅಖಿಲ ಭಾರತ ಸೇವೆ ಬೇಕು ಅಂತಲೂ ಶಿಫಾರಸು ಮಾಡಿದ್ದರು. ಅದು ಇವತ್ತಿಗೂ ಆಗಿಲ್ಲ. ಜೈಲು ರಾಜ್ಯದ ಪಟ್ಟಿಯಲ್ಲಿರೋ ವಿಷಯ. ಕೇಂದ್ರ ಮಾದರಿ ಬರೆದು ಕಳಿಸಬಹುದು, ಮನೆ ಕಟ್ಟಬೇಕಾದ್ದು ರಾಜ್ಯ.

2016ರ ಮಾದರಿ ಜೈಲು ಕೈಪಿಡಿಯಲ್ಲಿ ಇನ್ನೊಂದು ಲೆಕ್ಕ ಇದೆ. ಆರು ಕೈದಿಗೆ ಒಬ್ಬ ಕಾವಲು ಸಿಬ್ಬಂದಿ. ಕೇಳೋಕೆ ಆರು ಜನರ ಎದುರು ಒಬ್ಬ ನಿಂತಿರ್ತಾನೆ ಅನ್ನಿಸುತ್ತೆ. ಹಾಗಲ್ಲ. 60 ಜನರ ಬ್ಯಾರಕ್ಕಿಗೆ 10 ಸಿಬ್ಬಂದಿ ಅಂದರೆ, ಮೂರು ಪಾಳಿಗೆ ಹಂಚಿದಾಗ ಒಂದು ಹೊತ್ತಿಗೆ ಮೂವರು. ಅದರಲ್ಲಿ ಒಬ್ಬ ರಜೆ, ಒಬ್ಬ ಆಸ್ಪತ್ರೆಗೆ ಕೈದಿ ಜೊತೆ ಹೋದ ಅಂದರೆ ಉಳಿದವನು ಒಬ್ಬನೇ. ಇದು ಹುದ್ದೆಗಳೆಲ್ಲ ಭರ್ತಿ ಇದ್ದಾಗಿನ ಲೆಕ್ಕ. ಖಾಲಿ ಇದ್ದರೆ ಪಾಳಿ ಉದ್ದ ಆಗುತ್ತೆ, ರಜೆ ಕತ್ತರಿಸುತ್ತೆ. ದೊಡ್ಡಪ್ಪ ತೀರಿಕೊಂಡ ದಿನ ಅಣ್ಣ ಬಂದದ್ದು ಮಣ್ಣಾದ ಮೇಲೆ. ಅದರ ಬಗ್ಗೆ ಮನೆಯಲ್ಲಿ ಯಾರೂ ಮಾತಾಡಲ್ಲ, ನಾನೂ ಇಲ್ಲಿ ಹೆಚ್ಚು ಬರೆಯಲ್ಲ.

ಬಡ್ತಿಯ ಕಥೆ ಬೇರೆ. ಪಾವಗಡದ ಹಿರಿಯರು ವಾರ್ಡರಿಂದ ಮುಖ್ಯ ವೀಕ್ಷಕರಾಗೋಕೆ 21 ವರ್ಷ ಕಾದರು. ಮುಂದೆ ಸಹಾಯಕ ಜೈಲರ್, ಜೈಲರ್, ಸಹಾಯಕ ಅಧೀಕ್ಷಕ ಅಂತ ಮೆಟ್ಟಿಲುಗಳಿವೆ. ಆದರೆ ಇಲಾಖೆ ಚಿಕ್ಕದು, ಒಂದೊಂದು ಮೆಟ್ಟಿಲಲ್ಲೂ ಜಾಗ ಕಮ್ಮಿ, ಜೈಲರ್ ಹುದ್ದೆಗೆ ನೇರ ನೇಮಕಾತಿಯೂ ಉಂಟು. ಮೇಲಿನವರು ನಿವೃತ್ತಿ ಆಗೋವರೆಗೂ ಕೆಳಗಿನವರು ಅಲ್ಲೇ. ಹಾಗೆ ಒಂದೇ ಹುದ್ದೆಯಲ್ಲಿ ಉಳಿದ ಸರ್ಕಾರಿ ನೌಕರರಿಗೆ 10 ಮತ್ತು 15 ವರ್ಷಕ್ಕೆ ಮೇಲಿನ ವೇತನ ಶ್ರೇಣಿ ಸಿಗುತ್ತೆ. ಕಾಲಬದ್ಧ ಬಡ್ತಿ ಅಂತಾರಲ್ಲ, ಅದು. ದುಡ್ಡು ಏರುತ್ತೆ, ಹುದ್ದೆ ಏರಲ್ಲ.

"ದುಡ್ಡು ಬಂತಲ್ಲ, ಹುದ್ದೆ ಯಾಕೆ?" ಅಂತ ನಾನು ಪೆದ್ದು ಪ್ರಶ್ನೆ ಕೇಳಿದೆ. ಅವರು ನಕ್ಕರು. "ಒಳಗಿರೋ ಹಳೇ ಕೈದಿಗೆ ಯಾರ ಮಾತು ನಡೆಯುತ್ತೆ ಅಂತ ನಮಗಿಂತ ಚೆನ್ನಾಗಿ ಗೊತ್ತಿರುತ್ತಮ್ಮ. ಇಪ್ಪತ್ತು ವರ್ಷದಿಂದ ಅದೇ ಪಟ್ಟಿ ಹಾಕ್ಕೊಂಡಿರೋನ ಮಾತಿಗೆ ಅವನು ಯಾಕೆ ಹೆದರ್ತಾನೆ? ಏನಯ್ಯಾ ನಿಂಗೂ ಬಿಡುಗಡೆ ಇಲ್ವಾ ಅಂತ ತಮಾಷೆ ಮಾಡ್ತಾನೆ." ಅದನ್ನ ಹೇಳುವಾಗ ಅವರ ಮುಖದಲ್ಲಿ ನಗು ಇರಲಿಲ್ಲ.

ಮಧುಗಿರಿಯಲ್ಲಿ ಬೆಳಗಿನ ಜಾವ ಮೈದಾನದ ಕಡೆ ಹೋದರೆ ನಾಲ್ಕೂ ತಾಲ್ಲೂಕಿನ ಹುಡುಗರು ಓಡ್ತಿರ್ತಾರೆ. ಫಿಸಿಕಲ್ ತಯಾರಿ. ಎಂಟು ಹತ್ತು ಜನರನ್ನ ಮಾತಾಡಿಸಿದೆ. ಪಿಎಸ್‌ಐ, ಪೊಲೀಸ್ ಕಾನ್ಸ್‌ಟೇಬಲ್, ಫಾರೆಸ್ಟ್ ಗಾರ್ಡ್, ಹೀಗೆ ಆಸೆ ಹೇಳ್ತಾ ಹೋದರು. ವಾರ್ಡರ್ ಕೆಲಸ ನಾನೇ ನೆನಪಿಸಬೇಕಾಯ್ತು. ಶಿರಾ ಕಡೆಯ ಒಬ್ಬ ನೇರ ಹೇಳಿದ, "ಕರೆದ್ರೆ ಅರ್ಜಿ ಹಾಕ್ತೀವಕ್ಕ. ಸಿಕ್ರೆ ಹೋಗ್ತೀವಿ. ಪಿಸಿ ಆದ ದಿನ ಬಿಟ್ಬರ್ತೀವಿ." ಅವನನ್ನ ತಪ್ಪು ಅನ್ನೋಕಾಗಲ್ಲ. ಆದರೆ ತರಬೇತಿ ಕೊಟ್ಟು, ಒಳಗಿನ ಒಂದೊಂದು ಮುಖ ಗುರುತಾಗೋ ಹೊತ್ತಿಗೆ ಅವನು ಹೊರಟರೆ, ಆ ಜಾಗಕ್ಕೆ ಮತ್ತೆ ಹೊಸಬ. ಹೊಸಬನನ್ನ ಪಳಗಿಸೋದರಲ್ಲಿ ಹಳೇ ಕೈದಿಗಳು ಗಟ್ಟಿಗರು.

ಪೊಲೀಸರ ವಿಚಾರದಲ್ಲಿ ಸರ್ಕಾರ ಕಿವಿಗೊಟ್ಟದ್ದು ಹೇಗೆ ಅಂತ ನೆನಪಿಸಿಕೊಳ್ಳಿ. 2016ರ ಜೂನ್ 4ಕ್ಕೆ ರಾಜ್ಯದ ಪೊಲೀಸರು ಸಾಮೂಹಿಕ ರಜೆ ಹಾಕ್ತೀವಿ ಅಂದಾಗ ವಿಧಾನಸೌಧ ಬೆಚ್ಚಿತ್ತು. ರಾಘವೇಂದ್ರ ಔರಾದ್ಕರ್ ಸಮಿತಿ ಬಂತು, 2019ರಲ್ಲಿ ವೇತನ ಏರಿತು. ಮನೆ ಕಟ್ಟೋಕೆ ಪೊಲೀಸ್ ಗೃಹ ನಿರ್ಮಾಣ ನಿಗಮ 1985ರಿಂದಲೇ ಇದೆ, 'ಪೊಲೀಸ್ ಗೃಹ' ಅಂತ ಯೋಜನೆಗಳೂ ಬಂದವು. ಜೈಲಿನವರು ಅವರ ಮುಂದೆ ಹಿಡಿಯಷ್ಟು ಜನ. ಒಂದು ದಿನ ಬರಲ್ಲ ಅಂತ ಅವರು ಹೇಳೋಕಾಗುತ್ತಾ? ಬೀಗ ತೆಗೆಯೋರು ಯಾರು, ಊಟ ಕೊಡೋರು ಯಾರು? ಇಂಗ್ಲೆಂಡಿನಲ್ಲಿ 1994ರ ಕಾನೂನಿನಿಂದ ಜೈಲು ಸಿಬ್ಬಂದಿ ಮುಷ್ಕರ ಹೂಡೋದಕ್ಕೆ ತಡೆ ಬಿತ್ತು, ಆಮೇಲೆ 2001ರಲ್ಲಿ ಅವರ ಸಂಬಳ ನೋಡೋಕೆ ಅಂತಲೇ ಪ್ರತ್ಯೇಕ ಮಂಡಳಿ ಬಂತು. ಅಲ್ಲೂ ಗೋಳು ಇದ್ದೇ ಇದೆ. ಆದರೂ ನೀವು ಕೂಗಬೇಡಿ, ನಾವೇ ಬಂದು ಕೇಳ್ತೀವಿ ಅನ್ನೋ ಒಂದು ಬಾಗಿಲಾದರೂ ಇದೆ.

ನಮ್ಮ ರಾಜ್ಯದ ಜೈಲಿನ ಬಗ್ಗೆ ಒಂದು ದೊಡ್ಡ ತೀರ್ಪಿದೆ, ರಾಮಮೂರ್ತಿ ಪ್ರಕರಣ ಅಂತ. ಬೆಂಗಳೂರು ಕೇಂದ್ರ ಕಾರಾಗೃಹದ ಒಬ್ಬ ಕೈದಿ 1984ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಕಾಗದ ಬರೆದ. ದುಡಿದ ಕೂಲಿ ಸರಿಯಾಗಿ ಸಿಗ್ತಿಲ್ಲ, ಊಟ ಸರಿಯಿಲ್ಲ ಅಂತ. ಆಗ ಜೈಲು ಇದ್ದದ್ದು ಈಗಿನ ಫ್ರೀಡಂ ಪಾರ್ಕ್ ಜಾಗದಲ್ಲಿ. ಆ ಒಂದು ಕಾಗದವೇ ಅರ್ಜಿಯಾಗಿ, 1996ರ ಡಿಸೆಂಬರಿನಲ್ಲಿ ತೀರ್ಪು ಬಂತು. ಜನದಟ್ಟಣೆ, ವಿಚಾರಣೆ ವಿಳಂಬ, ಹಿಂಸೆ, ಆರೋಗ್ಯ, ಊಟ ಬಟ್ಟೆ ಅಂತ ಜೈಲುಗಳ ಒಂಬತ್ತು ಸಮಸ್ಯೆಗಳನ್ನ ಕೋರ್ಟು ಪಟ್ಟಿ ಮಾಡಿತು. ಒಳ್ಳೆಯ ತೀರ್ಪು. ಇವತ್ತು ಕರ್ನಾಟಕದಲ್ಲಿ ಶಿಕ್ಷಾ ಬಂದಿಗಳ ದಿನಗೂಲಿ 500 ರೂಪಾಯಿ ದಾಟಿದೆ. ಕೆಲವರು ಇದಕ್ಕೆ ಹೊಟ್ಟೆ ಉರಿದುಕೊಳ್ತಾರೆ, ನನಗಂತೂ ಸರಿ ಅನ್ನಿಸುತ್ತೆ. ದುಡಿದವನಿಗೆ ಕೂಲಿ ಬೇಕು. ಆದರೆ ಆ ಒಂಬತ್ತರಲ್ಲಿ ಕಾಯೋನ ಮನೆ ಅನ್ನೋದು ಇಲ್ಲ. ಇರೋಕೆ ಅವನು ಕಾಗದ ಬರೆದಿರಲಿಲ್ಲ. ಬರೆದರೆ ಶಿಸ್ತುಕ್ರಮ.

2024ರ ಆಗಸ್ಟಿನಲ್ಲಿ ಪರಪ್ಪನ ಅಗ್ರಹಾರದೊಳಗಿಂದ ಒಂದು ಫೋಟೊ ಹೊರಬಂತು, ನಿಮ್ಮ ಫೋನಿಗೂ ಬಂದಿರುತ್ತೆ. ಕೊಲೆ ಆರೋಪದಲ್ಲಿ ಒಳಗಿದ್ದ ನಟ ಕುರ್ಚಿಯಲ್ಲಿ ಕೂತು, ಕೈಯಲ್ಲಿ ಸಿಗರೇಟು, ಕಾಫಿ ಮಗ್ಗು. ಒಟ್ಟು 9 ಅಧಿಕಾರಿ ಸಿಬ್ಬಂದಿ ಅಮಾನತಾದರು. ಜೈಲು ಇಲಾಖೆ ಬರೋದು ಗೃಹ ಸಚಿವರ ಕೆಳಗೆ. ಆಗ ಆ ಖಾತೆ ನೋಡ್ತಿದ್ದವರು ನಮ್ಮ ಕೊರಟಗೆರೆ ಶಾಸಕ ಜಿ. ಪರಮೇಶ್ವರ ಅವರೇ. ಅಮಾನತಿನ ಸುದ್ದಿ ಟೀವಿಯಲ್ಲಿ ನೋಡ್ತಾ ಅತ್ತಿಗೆಯ ಸೋದರಮಾವ, "ನಮ್ಮ ಸಾಹೇಬ್ರು ಸರಿಯಾಗಿ ಮಾಡಿದ್ರು" ಅಂದರು. ಅಣ್ಣನೂ ಹೌದು ಅಂದ. ದುಡ್ಡು ತಿಂದವನ ಪರ ಅವನು ಯಾವತ್ತೂ ಮಾತಾಡಿಲ್ಲ, ನಾನೂ ಮಾತಾಡಲ್ಲ. ಎಲ್ಲರ ಮನೆಗೂ ಹಣ್ಣಿನ ಚೀಲ ಬಂದಿರುತ್ತೆ ಅಂತಲೂ ಅಲ್ಲ. ಎಷ್ಟು ಸಂಬಳ ಕೊಟ್ಟರೂ ತಿನ್ನೋರು ತಿಂತಾರೆ. ನನ್ನ ಪ್ರಶ್ನೆ ತಿನ್ನದವನದು. ಬ್ಯಾಟು ಅಟ್ಟಕ್ಕೆ ಎಸೆದವರ ಮನೆಗೆ ಆಮೇಲೆ ಯಾರು ಬಂದರು?

ಆಗಿನ ಗೃಹ ಸಚಿವರ ಕ್ಷೇತ್ರದ ಪಕ್ಕದಲ್ಲೇ ಕೂತು ಬರೆಯೋವಾಗ ಕೇಳದೇ ಇರೋದು ತಪ್ಪಾಗುತ್ತೆ. ಸಂಬಳಕ್ಕಿಂತ ಮೊದಲು, ಬಡ್ತಿಗಿಂತ ಮೊದಲು, ಪ್ರತಿ ಜೈಲಿನ ಪಕ್ಕ ಎಷ್ಟು ವಾರ್ಡರುಗಳೋ ಅಷ್ಟು ಮನೆ ಕಟ್ಟಿ. ಹೊಸ ಜೈಲಿನ ನಕ್ಷೆ ಮಾಡುವಾಗ ಬ್ಯಾರಕ್ಕಿನ ಜೊತೆಗೇ ಮನೆಗಳನ್ನೂ ಎಣಿಸಿ, ಬ್ಯಾರಕ್ಕು ಮುಗಿದ ಮೇಲೆ ದುಡ್ಡು ಉಳಿದರೆ ನೋಡೋಣ ಅನ್ನಬೇಡಿ. ಇದು ನನ್ನ ಅಭಿಪ್ರಾಯ. ಪಾವಗಡದ ಹಿರಿಯರು ಬಡ್ತಿಯೇ ಮೊದಲು ಅಂತಾರೆ. ಅಣ್ಣ ಮಾತ್ರ ವಾರದ ರಜೆ ಒಂದು ತಪ್ಪದೆ ಕೊಟ್ಟರೆ ಸಾಕು ಅಂತಾನೆ, ಅವನ ಆಸೆ ಯಾವಾಗಲೂ ಚಿಕ್ಕದು.

ಶಿರಾದ ಮನೆ ಖಾಲಿ ಮಾಡಿ ಅತ್ತಿಗೆ, ಮಗ ಊರಿಗೆ ಬಂದು ಆರು ತಿಂಗಳಾಯ್ತು. ಮಗ ನಮ್ಮೂರ ಸರ್ಕಾರಿ ಶಾಲೆಗೆ ಹೋಗ್ತಾನೆ. ಚೆನ್ನಾಗೇ ಓದ್ತಾನೆ, ಅದರ ಬಗ್ಗೆ ಚಿಂತೆಯಿಲ್ಲ. ಆದರೆ ಊರಿಗೆ ಯಾವ ಹೊಸ ಬೈಕು ಬಂದರೂ ದೊಡ್ಡಮ್ಮ ಜಗಲಿಯಿಂದ ಎದ್ದು ನಿಂತು, "ಯಾರಪ್ಪಾ ನೀನು, ಯಾರ ಮನೆಗೆ?" ಅಂತ ಕೇಳೋದನ್ನ ರೂಢಿ ಮಾಡ್ಕೊಂಡವ್ಳೆ. ಹೋದ ವಾರ ಹಾಗೆ ಕೇಳಿದ್ದು ಗ್ಯಾಸ್ ಕೆವೈಸಿ ಮಾಡೋಕೆ ಬಂದಿದ್ದ ಹುಡುಗನನ್ನ. ಅವನು ಹೆದರಿ ಐಡಿ ಕಾರ್ಡ್ ತೆಗೆದು ತೋರಿಸಿದ.

ಮೊನ್ನೆ ಭಾನುವಾರ ಅಣ್ಣ ಬಂದಿದ್ದ. ಮುದ್ದೆ, ಹುರುಳಿಕಾಳು ಸಾರು ಉಂಡು ಮಧ್ಯಾಹ್ನವೆಲ್ಲ ಮಲಗಿದ. ಎದ್ದವನು ಕ್ವಾರ್ಟರ್ಸ್ ಪಟ್ಟಿಯ ಸುದ್ದಿ ಹೇಳಿದ. ಅರ್ಜಿ ಹಾಕಿದಾಗ 14ನೆಯವನು, ಈಗ 11. ಅತ್ತಿಗೆ ಬೆರಳು ಮಡಿಚಿ ಎಣಿಸಿ, "ಹಂಗಾದ್ರೆ ಇವನು ಹೈಸ್ಕೂಲಿಗೆ ಬರೋ ಹೊತ್ಗೆ" ಅಂದರು. ಅಣ್ಣ ಏನೂ ಹೇಳದೆ ಬ್ಯಾಗಿಗೆ ಹುರಿಹಿಟ್ಟಿನ ಡಬ್ಬಿ ಇಟ್ಟುಕೊಂಡ. ಮಗ ತೆಂಗಿನ ಮಟ್ಟೆ ಬ್ಯಾಟು ಮಾಡಿಕೊಂಡು ಅಂಗಳದಲ್ಲಿ ಆಡ್ತಿದ್ದ. ಶಿರಾದಿಂದ ತಂದ ಸಾಮಾನಿನ ಜೊತೆ ಆ ಹೊಸ ಬ್ಯಾಟೂ ಬಂದು ಇಲ್ಲಿನ ಅಟ್ಟದ ಮೇಲೆ ಕೂತಿದೆ. ಬಿಸಾಕೋಕೂ ಭಯ, ಕೊಡೋಕೂ ಭಯ. ಸಂಜೆ ಆರರ ಬಸ್ಸಿಗೆ ನಾನೇ ಅಣ್ಣನನ್ನ ಗಾಡಿಯಲ್ಲಿ ಬಿಟ್ಟು ಬಂದೆ.